ಕೈಯಲ್ಲಿರುವ ದುಡ್ಡು ಎಷ್ಟು ದಿನ ಬರುತ್ತದೆ?

ಪ್ರಿಯ ಓದುಗರೇ,

ಹೈಡ್ರೋಜನ್ ಫ್ಯುಯೆಲ್ ಸೆಲ್ (ಹೈಡ್ರೋಜನ್‌ನಿಂದ ವಿದ್ಯುತ್ ತಯಾರಿಸುವ ಸಾಧನ) ಕಂಪನಿಗಳ ನಷ್ಟದ ಬಗ್ಗೆ ನಾವು ಬರೆದದ್ದನ್ನು ಓದಿ ನಿಮಗೆ ಬೇಸರವಾಗಿದೆ. “ಅಮೆಜಾನ್ ಕೂಡ ವರ್ಷಗಟ್ಟಲೆ ನಷ್ಟದಲ್ಲೇ ಇತ್ತು ಅಲ್ವಾ? ಹೊಸದನ್ನು ಕಟ್ಟುವವರ ಕಾಲೆಳೆಯುವುದೇಕೆ?” ಎಂದು ಕೇಳಿದ್ದೀರಿ. ನಿಮ್ಮ ಉಳಿತಾಯದ ದೊಡ್ಡ ಪಾಲು ಅಂಥ ಒಂದು ಕಂಪನಿಯ ಷೇರಿನಲ್ಲಿದೆ ಎಂದು ಕೊನೆಯಲ್ಲಿ ಬರೆದಿದ್ದೀರಿ. ಆ ಒಂದು ಸಾಲು ನನ್ನನ್ನು ಕಾಡಿತು. ಅದಕ್ಕೇ ಈ ಉತ್ತರ ಉದ್ದವಾಗಿದೆ.

ಅಮೆಜಾನ್ ಬಗ್ಗೆ ನೀವು ಹೇಳಿದ್ದು ನಿಜ. 1994ರಲ್ಲಿ ಶುರುವಾದ ಕಂಪನಿ ಇಡೀ ವರ್ಷದ ಲಾಭ ಕಂಡಿದ್ದು 2003ರಲ್ಲಿ. ಅಷ್ಟರಲ್ಲಿ ಕೂಡಿಬಿದ್ದ ನಷ್ಟ ಸುಮಾರು 300 ಕೋಟಿ ಡಾಲರ್. ಆದರೆ ಆ ನಷ್ಟದ ಒಳಗೆ ಸ್ವಲ್ಪ ಇಣುಕಿ ನೋಡಿ. ಗಿರಾಕಿ ಪುಸ್ತಕ ಕೊಂಡ ಕೂಡಲೇ ದುಡ್ಡು ಬರುತ್ತಿತ್ತು. ಪುಸ್ತಕ ಪೂರೈಸಿದವರಿಗೆ ಅಮೆಜಾನ್ ಕೊಡುತ್ತಿದ್ದುದು ವಾರಗಳ ನಂತರ. ಹಾಗಾಗಿ ವ್ಯಾಪಾರ ಬೆಳೆದಷ್ಟೂ ಕೈಯಲ್ಲಿ ನಗದು ಓಡಾಡುತ್ತಿತ್ತು. 2002ರಲ್ಲಿ ಲೆಕ್ಕದಲ್ಲಿ ನಷ್ಟವಿತ್ತು, ಆದರೂ ವ್ಯಾಪಾರದಿಂದ 17 ಕೋಟಿ ಡಾಲರಿಗೂ ಜಾಸ್ತಿ ನಗದು ಬಂದಿತ್ತು. ಷೇರುಪೇಟೆ ಕುಸಿಯುವ ಮುಂಚೆಯೇ, 2000ದ ಆರಂಭದಲ್ಲಿ, ಯುರೋಪಿನಲ್ಲಿ ಬಾಂಡ್ (ಸಾಲಪತ್ರ) ಮಾರಿ ದುಡ್ಡು ಎತ್ತಿಟ್ಟುಕೊಂಡಿತ್ತು. ಅದಿಲ್ಲದಿದ್ದರೆ ಕಥೆ ಬೇರೆಯೇ ಆಗುತ್ತಿತ್ತೇನೋ.

ಅದೇ ಕಾಲದ ಅಮೆರಿಕದ ಕಂಪನಿ ವೆಬ್‌ವ್ಯಾನ್ ಮನೆಬಾಗಿಲಿಗೆ ದಿನಸಿ ತಲುಪಿಸುತ್ತಿತ್ತು. 1999ರ ನವೆಂಬರಿನಲ್ಲಿ ಷೇರುಪೇಟೆಗೆ ಬಂತು, 2001ರ ಜುಲೈನಲ್ಲಿ ದಿವಾಳಿಯಾಯಿತು. ಇವತ್ತು ಎಷ್ಟೋ ಜನ ದಿನಸಿಯನ್ನು ಫೋನಿನಲ್ಲೇ ತರಿಸುತ್ತಾರೆ. ವೆಬ್‌ವ್ಯಾನ್‌ನವರು ಕಂಡ ಕನಸು ನಿಜವಾಯಿತು, ಆದರೆ ಅವರ ಷೇರುದಾರರಿಗೆ ಏನೂ ಸಿಗಲಿಲ್ಲ.

ಈಗ ಫ್ಯುಯೆಲ್ ಸೆಲ್‌ಗೆ ಬರೋಣ. ಅಮೆರಿಕದ ಫ್ಯುಯೆಲ್ ಸೆಲ್ ಕಂಪನಿ ಪ್ಲಗ್ ಪವರ್ ಶುರುವಾದದ್ದು 1997ರಲ್ಲಿ. ಅದರ ಸೆಲ್‌ಗಳು ಗೋದಾಮಿನ ಫೋರ್ಕ್‌ಲಿಫ್ಟ್‌ಗಳನ್ನು (ಸರಕು ಎತ್ತುವ ಗಾಡಿಗಳನ್ನು) ಓಡಿಸುತ್ತವೆ. ಅಮೆಜಾನ್ ಕೂಡ ಅದರ ಗಿರಾಕಿ. ಅಂದರೆ ತಂತ್ರಜ್ಞಾನ ಸುಳ್ಳಲ್ಲ. ಆದರೆ 2023ರಲ್ಲಿ ಮಾರಾಟದಿಂದ ಬಂದದ್ದಕ್ಕಿಂತ ಆ ಮಾಲು ಮತ್ತು ಸೇವೆ ಒದಗಿಸುವ ಖರ್ಚೇ ಜಾಸ್ತಿಯಾಗಿತ್ತು. ಅಂದರೆ ಆಗ ಹೆಚ್ಚು ಮಾರಿದರೆ ಹೆಚ್ಚು ನಷ್ಟವಾಗುತ್ತಿತ್ತು. ಅದೇ ವರ್ಷದ ನವೆಂಬರಿನಲ್ಲಿ, ಕೈಯಲ್ಲಿರುವ ದುಡ್ಡು ಮುಂದಿನ ಹನ್ನೆರಡು ತಿಂಗಳಿಗೆ ಸಾಲದೇ ಹೋಗಬಹುದು ಎಂದು ಕಂಪನಿಯೇ ಎಚ್ಚರಿಸಿತು. ಎರಡು ತಿಂಗಳಲ್ಲಿ 100 ಕೋಟಿ ಡಾಲರ್‌ವರೆಗೆ ಹೊಸ ಷೇರು ಮಾರುವ ಏರ್ಪಾಡು ಮಾಡಿಕೊಂಡಿತು.

ನನ್ನ ಆತಂಕ ಇರುವುದು ಈ ಹೊಸ ಷೇರುಗಳಲ್ಲೇ. ಒಂದು ಕಂಪನಿಯಲ್ಲಿ 1,000 ಷೇರು ಇವೆ, ನಿಮ್ಮ ಹತ್ತಿರ 100 ಇವೆ ಅಂದುಕೊಳ್ಳಿ. ಹತ್ತರಲ್ಲಿ ಒಂದು ಪಾಲು ನಿಮ್ಮದು. ದುಡ್ಡು ಮುಗಿಯಿತೆಂದು ಕಂಪನಿ ಇನ್ನೊಂದು ಸಾವಿರ ಷೇರು ಮಾರಿದರೆ ನಿಮ್ಮದು ಇಪ್ಪತ್ತರಲ್ಲಿ ಒಂದಾಗುತ್ತದೆ. ನೀವು ಒಂದೂ ಷೇರು ಮಾರಿಲ್ಲ, ಸುಮ್ನೆ ಕೂತಿದ್ದೀರಿ, ಆದರೂ ಪಾಲು ಅರ್ಧವಾಯಿತು. ಬಂದ ದುಡ್ಡಿನಿಂದ ಕಂಪನಿ ಬೆಳೆದರೆ ಅರ್ಧ ಪಾಲೂ ದೊಡ್ಡದೇ. ನಷ್ಟ ತುಂಬುವುದಕ್ಕೇ ಅದು ಖರ್ಚಾದರೆ, ಇನ್ನೆರಡು ವರ್ಷಕ್ಕೆ ಮತ್ತೆ ಅದೇ ನಡೆಯುತ್ತದೆ. ಕೊನೆಗೆ ಲಾಭ ಬರುವ ಹೊತ್ತಿಗೆ ನಿಮ್ಮ ಪಾಲು ಎಷ್ಟು ಉಳಿದಿರುತ್ತದೆ?

ಹೊಸ ಇಂಧನ ಬರಲೇಬೇಕು ಎಂದು ನಾನೂ ನಂಬಿದ್ದೇನೆ. ಅದನ್ನು ಕಟ್ಟುತ್ತಿರುವ ಎಂಜಿನಿಯರುಗಳ ಬಗ್ಗೆ ನನಗೆ ತುಂಬಾ ಗೌರವವಿದೆ. ಆದರೆ ನಾವು ಪ್ರಶ್ನೆ ಕೇಳುವುದು ನಿಮ್ಮಂಥವರು ಅಲ್ಲಿ ದುಡ್ಡು ಇಟ್ಟಿದ್ದೀರಿ ಎಂಬ ಕಾರಣಕ್ಕೆ.

ದಯವಿಟ್ಟು ಒಂದು ಕೆಲಸ ಮಾಡಿ. ನಿಮ್ಮ ಕಂಪನಿಯ ಐದು ವರ್ಷದ ಹಿಂದಿನ ವಾರ್ಷಿಕ ವರದಿ ಮತ್ತು ಈ ವರ್ಷದ್ದು ತೆಗೆಯಿರಿ. ಅಧ್ಯಕ್ಷರ ಸಂದೇಶ ಬಿಡಿ. ಒಟ್ಟು ಷೇರು ಆಗ ಎಷ್ಟಿತ್ತು, ಈಗ ಎಷ್ಟಿದೆ, ವರ್ಷಕ್ಕೆ ಎಷ್ಟು ನಗದು ಕರಗುತ್ತಿದೆ, ಎಷ್ಟು ಉಳಿದಿದೆ ನೋಡಿ. ಲೆಕ್ಕಪರಿಶೋಧಕರ ಟಿಪ್ಪಣಿಯನ್ನೂ ಬಿಡಬೇಡಿ. ನೋಡಿದ ಮೇಲೂ ಷೇರು ಇಟ್ಟುಕೊಳ್ಳಬೇಕು ಅನಿಸಿದರೆ ಇಟ್ಟುಕೊಳ್ಳಿ. ಆದರೆ ಮುಂದಿನ ಕೆಲವು ವರ್ಷದಲ್ಲಿ ಮನೆಗೆ ಬೇಕಾಗುವ ದುಡ್ಡನ್ನಂತೂ ಅಲ್ಲಿಂದ ಹೊರಗೆ ತನ್ನಿ. ಏನು ಕಂಡಿತು ಎಂದು ನಮಗೆ ಬರೆಯಿರಿ, ಕಾಯುತ್ತಿರುತ್ತೇನೆ.

– ಸಂಪಾದಕ