ತಾಳ ಕೂಡಿದರೂ ಶ್ರುತಿ ಕೂಡದೇಕೆ?

ಪ್ರಶ್ನೆ: ಮದುವೆ ಮನೆಗಳ ಮೆಹಂದಿ ರಾತ್ರಿಗಳಲ್ಲಿ ಡಿಜೆ ಆಗಿ ಹಾಡು ಹಾಕುತ್ತೇನೆ. ದಕ್ಷಿಣ ಆಫ್ರಿಕಾದ ಅಮಾಪಿಯಾನೊ ಎಂಬ ನೃತ್ಯಸಂಗೀತ ಶೈಲಿಯಿಂದ ಇನ್ನೊಂದು ಶೈಲಿಯಾದ ಆಫ್ರೊ ಹೌಸ್‌ಗೆ ದಾಟುವಾಗ ತಾಳ ಸರಿಯಾಗಿದ್ದರೂ ಕಿವಿಗೆ ಕರ್ಕಶವೆನಿಸುತ್ತದೆ. ಕಾರಣವೇನು?
– ಓದುಗರೊಬ್ಬರು, ಕುಂಬಳೆ

ಉತ್ತರ: ಅಮಾಪಿಯಾನೊ ಸಾಮಾನ್ಯವಾಗಿ ನಿಮಿಷಕ್ಕೆ 112ರ ಆಸುಪಾಸಿನ ಬಡಿತದಲ್ಲಿಯೂ ಆಫ್ರೊ ಹೌಸ್ 120ರ ಆಸುಪಾಸಿನಲ್ಲಿಯೂ ಇರುತ್ತವೆ. 112ರ ಹಾಡನ್ನು 120ಕ್ಕೆ ಏರಿಸಿದರೆ ವೇಗ ಶೇಕಡಾ 7ರಷ್ಟು ಹೆಚ್ಚುತ್ತದೆ; ಶೇಕಡಾ 6ರ ಏರಿಕೆಗೇ ಶ್ರುತಿ ಅರ್ಧ ಸ್ವರದಷ್ಟು ಮೇಲೇರುವುದರಿಂದ, ವೇಗ ಬದಲಾದರೂ ಶ್ರುತಿಯನ್ನು ಹಾಗೆಯೇ ಉಳಿಸುವ ಕೀ ಲಾಕ್ ಗುಂಡಿಯನ್ನು ಒತ್ತದಿದ್ದರೆ ಡಿಜೆ ತಂತ್ರಾಂಶದ ಪರದೆಯ ಮೇಲೆ ಕಾಣುವ ಶ್ರುತಿಯೇ ಬೇರೆ, ಕೇಳುವ ಶ್ರುತಿಯೇ ಬೇರೆಯಾಗುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರಾದ ತಮಗೆ, ಭಾಗವತರ ಶ್ರುತಿಗೂ ಮದ್ದಳೆಯ ಶ್ರುತಿಗೂ ಹೊಂದಾಣಿಕೆಯಾಗದಿದ್ದರೆ ಆಟ ಹೇಗೆ ಕೆಡುತ್ತದೆಂದು ವಿವರಿಸಬೇಕಾಗಿಲ್ಲ.

ಒಂದಕ್ಕೊಂದು ಹೊಂದುವ ಶ್ರುತಿಗಳನ್ನು ಗುರುತಿಸಲು ಡಿಜೆಗಳು ಬಳಸುವ ಕ್ಯಾಮೆಲಾಟ್ ಚಕ್ರದಲ್ಲಿ ಎ ಮೈನರ್‌ಗೆ 8ಎ, ಇ ಮೈನರ್‌ಗೆ 9ಎ ಎಂಬ ಗುರುತುಗಳಿವೆ. ಇವೆರಡರ ಏಳು ಸ್ವರಗಳಲ್ಲಿ ಆರು ಸಮಾನವಾಗಿರುವುದರಿಂದ ಒಂದರಿಂದ ಇನ್ನೊಂದಕ್ಕೆ ದಾಟುವುದು ಸುಲಭ. ಆದರೆ ತಂತ್ರಾಂಶವು ಹೇಳುವ ಶ್ರುತಿಯನ್ನು ಕಣ್ಣುಮುಚ್ಚಿ ನಂಬಬೇಡಿ. ತಾಳವಾದ್ಯಗಳೇ ತುಂಬಿದ ಹಾಡುಗಳಲ್ಲಿ ಅದು ಆಗಾಗ ತಪ್ಪುತ್ತದೆ, ಹೆಡ್‌ಫೋನಿನಲ್ಲಿ ಒಮ್ಮೆ ಕೇಳಿಯೇ ನಿರ್ಧರಿಸಿ.

ನಿಮ್ಮ ತೊಂದರೆಯ ಮುಖ್ಯ ಮೂಲ ಲಾಗ್ ಡ್ರಮ್ ಇರಬಹುದೆಂದು ನನ್ನ ಊಹೆ. ಹೆಸರಿಗೆ ಡ್ರಮ್ ಆದರೂ ಅಮಾಪಿಯಾನೊದಲ್ಲಿ ಅದು ಸ್ವರ ನುಡಿಯುವ ಬಾಸ್, ಅಂದರೆ ತಗ್ಗು ಸ್ಥಾಯಿಯ ನಾದ. ಎರಡನೆಯ ಹಾಡಿನ ಬಾಸ್ ಅದರ ಮೇಲೆ ಬಿದ್ದೊಡನೆ ಘರ್ಷಣೆ ಆರಂಭವಾಗುತ್ತದೆ. ಹೊಸ ಹಾಡನ್ನು ಬಾಸ್ ಗುಂಡಿ ಪೂರ್ಣ ಇಳಿಸಿಯೇ ಒಳತನ್ನಿ, ಹದಿನಾರು ಆವರ್ತಗಳ ಬಳಿಕ ಹಳೆಯದರ ಬಾಸ್ ತೆಗೆದು ಇದರದನ್ನು ಏರಿಸಿ. ವೇಗವನ್ನಂತೂ ಒಮ್ಮೆಲೇ ಏರಿಸದೆ, ನಡುವೆ 115, 117ರ ಒಂದೆರಡು ಹಾಡುಗಳನ್ನು ಹಾಕಿಕೊಳ್ಳಿ.