‘ಪ್ಲೇಯರ್ ಪಿಯಾನೋ’ ಕಾದಂಬರಿಯಲ್ಲಿ ಊಟ, ಮನೆ ಎಲ್ಲಾ ಇದ್ದರೂ ಜನ ಯಾಕೆ ದಂಗೆ ಏಳುತ್ತಾರೆ?

ತಾವು ಯಾರಿಗೂ ಬೇಡವಾದೆವು ಅನ್ನುವ ನೋವಿಗೆ. ಕರ್ಟ್ ವಾನೆಗಟ್ 1952ರಲ್ಲಿ ಪ್ರಕಟಿಸಿದ ಈ ಕಥೆಯ ಅಮೆರಿಕದಲ್ಲಿ ದುಡಿಮೆಯನ್ನೆಲ್ಲ ಹೆಚ್ಚುಕಡಿಮೆ ಯಂತ್ರಗಳೇ ಮಾಡುತ್ತವೆ; ಮುಖ್ಯ ಕೆಲಸಗಳು ಎಂಜಿನಿಯರ್, ಮ್ಯಾನೇಜರುಗಳಿಗೆ ಮಾತ್ರ. ಉಳಿದವರಲ್ಲಿ ಹೆಚ್ಚಿನವರಿಗೆ ಸೈನ್ಯ, ಇಲ್ಲವೇ ರಸ್ತೆ ರಿಪೇರಿ.

ಹೊಟ್ಟೆ ತುಂಬುತ್ತದೆ, ನಿಜ. ಆದರೆ ಕೈಕಸುಬು ಸುಮ್ನೆ ಸಂಬಳದ ದಾರಿಯಲ್ಲ, ‘ನಾನು ಇಂಥವನು’ ಅಂತ ಹೇಳಿಕೊಳ್ಳುವ ಹಕ್ಕು ಅಲ್ವಾ? ರೂಡಿ ಹರ್ಟ್ಜ್ ಎಂಬ, ಲೇತ್ (ಲೋಹ ಕಡೆಯುವ ಯಂತ್ರ) ನಡೆಸುವ ಕೆಲಸಗಾರನ ಕೈಚಲನೆಯನ್ನು ಟೇಪಿನಲ್ಲಿ ದಾಖಲಿಸುತ್ತಾರೆ. ಆಮೇಲೆ ಆ ಟೇಪೇ ಲೇತ್‌ಗಳನ್ನು ನಡೆಸುತ್ತದೆ. ತನ್ನನ್ನು ಆರಿಸಿದ್ದಕ್ಕೆ ಅವನಿಗೆ ಹೆಮ್ಮೆ ಬೇರೆ! ನನಗೆ ಜಾಸ್ತಿ ಸಂಕಟವಾದದ್ದು ಇಲ್ಲೇ. ಮುಂದೊಮ್ಮೆ ಬಾರಿನಲ್ಲಿ, ಮುದುಕನಾದ ರೂಡಿ ಪಿಯಾನೋಗೆ ನಾಣ್ಯ ಹಾಕುತ್ತಾನೆ. ಎದುರಿಗೆ ಯಾರೂ ಕೂತಿಲ್ಲ. ಕೀಲಿಗಳು ತಾವಾಗಿಯೇ ಏಳುತ್ತವೆ, ಇಳಿಯುತ್ತವೆ.