ಓದುಗರ ಪ್ರಶ್ನೆ: ಮೀನು ಸಾಗಿಸ್ತಿದ್ದ ಪಿಕಪ್ ತಗೋಬಹುದಾ?

ಪ್ರಶ್ನೆ: ಸರ್ ನಮಸ್ಕಾರ. ನಾನು ಹೊಸನಗರ ತಾಲೂಕಿನ ರೈತ, ಅಡಿಕೆ ಜೊತೆ ಶುಂಠಿ ಬೆಳೀತೀನಿ, ಪ್ರತಿಸಲ ಗಾಡಿ ಬಾಡಿಗೆ ಕೊಟ್ಟು ಸಾಕಾಗಿದೆ. ಕುಂದಾಪುರದ ಕಡೆ 2017ರ ಬೊಲೆರೊ ಪಿಕಪ್ ಒಂದಿದೆ, 4.20 ಲಕ್ಷ ಹೇಳ್ತಿದಾರೆ. ಮೊದ್ಲು ಮೀನು ಹೊಡೀತಿತ್ತಂತೆ, ಈಗ ಹೊಸ ಬಾಡಿ ಕಟ್ಟಿಸಿ ಕೆಳಗೆಲ್ಲ ಕಪ್ಪು ಪೇಂಟ್ ಹೊಡ್ಸಿದಾರೆ, ಇಂಜಿನ್ ಸೌಂಡ್ ಚೆನ್ನಾಗಿದೆ. ಆರ್‌ಸಿಲಿ ಸಾಲದ ಎಂಟ್ರಿ ಹಾಗೇ ಇದೆ, ಸಾಲ ತೀರಿದೆ ಅಂತಾರೆ. 50 ಸಾವಿರ ಅಡ್ವಾನ್ಸ್ ಕೇಳ್ತಿದಾರೆ. ನನ್ನತ್ರ ಕಾರ್ ಲೈಸೆನ್ಸ್ ಮಾತ್ರ ಇರೋದು, ಗೂಡ್ಸ್ ಗಾಡಿ ಓಡಿಸೋಕೆ ಬೇರೆ ಅನುಮತಿ, ಅದೇ ಬ್ಯಾಡ್ಜ್ ಬೇಕಾ?

ಉತ್ತರ: ಮೊದ್ಲು ಅಡ್ವಾನ್ಸ್ ನಿಲ್ಸಿ. ಗಾಡಿ ಬೇಡವೇ ಬೇಡ ಅಂತಲ್ಲ, ಆದ್ರೆ ನೀವು ಹೇಳಿದ್ರಲ್ಲಿ ನಂಗೆ ಹೆದರಿಕೆ ಆಗಿದ್ದು ಆ ಕಪ್ಪು ಪೇಂಟ್ ನೋಡಿ.

ಮೀನಿನ ಗಾಡೀಲಿ ಐಸ್ ಕರಗಿದ ಉಪ್ಪು ನೀರು ದಿನಾ ಚಾಸಿ (ಗಾಡಿಯ ಅಡಿ ಚೌಕಟ್ಟು) ಮೇಲೆ ಸೋರ್ತಿರುತ್ತೆ, ಕರಾವಳಿ ಗಾಳಿ ಬೇರೆ, ಹಾಗಾಗಿ ಒಳಗಿಂದ್ಲೇ ತುಕ್ಕು ತಿಂದಿರುತ್ತೆ, ಮೇಲೆ ಪೇಂಟ್ ಹೊಡೆದ್ರೆ ಕಣ್ಣಿಗೆ ಏನೂ ಕಾಣಲ್ಲ. ಇಂಜಿನ್ ಹೋದ್ರೆ ದುಡ್ಡು ಹಾಕಿ ಬಿಚ್ಚಿ ಕಟ್ಟಿಸ್ಬಹುದು, ತುಕ್ಕು ತಿಂದ ಚಾಸಿ ಮೇಲೆ ಶುಂಠಿ ಮೂಟೆ ಹೇರ್ಕೊಂಡು ಘಾಟಿ ಇಳಿಯೋದು ಜೀವದ ಪ್ರಶ್ನೆ. ನಿಮ್ಮ ನಂಬಿಕೆಯ ಮೆಕ್ಯಾನಿಕ್‌ನ ಕರ್ಕೊಂಡ್ಹೋಗಿ, ಗಾಡಿನ ಗ್ಯಾರೇಜಿನ ಗುಂಡಿ ಮೇಲೆ ನಿಲ್ಸಿ, ಸಣ್ಣ ಸುತ್ತಿಗೇಲಿ ಚಾಸಿ ಉದ್ದಕ್ಕೂ ತಟ್ಟಿಸಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತೆ, ತಿಂದಿರೋ ಕಡೆ ಸದ್ದು ಮೊದ್ದಾಗಿ ಬರುತ್ತೆ, ಪೇಂಟ್ ಚಕ್ಕೆ ಎದ್ದು ಕೆಳಗಿಂದ ಕಂದು ಪುಡಿ ಉದುರುತ್ತೆ. ಹಿಂದಿನ ಪ್ಲೇಟ್ ಸೆಟ್ (ಸ್ಪ್ರಿಂಗ್ ಪಟ್ಟಿಗಳು) ಕೂರೋ ಜಾಗ, ಬಾಡಿ ಕೆಳಗಿನ ಅಡ್ಡಪಟ್ಟಿ, ಹಿಂದಕ್ಕೆ ಹೋಗೋ ಬ್ರೇಕ್ ಪೈಪ್, ಈ ಮೂರನ್ನ ಟಾರ್ಚ್ ಹಾಕಿ ಬೆರಳಲ್ಲಿ ಮುಟ್ಟಿ ನೋಡಿ. ಚಾಸಿಗೆ ಹೊಸದಾಗಿ ತಗಡು ಇಟ್ಟು ವೆಲ್ಡಿಂಗ್ ಮಾಡಿದ್ದು ಕಂಡ್ರೆ ಮಾತೇ ಬೇಡ, ವಾಪಸ್ ಬಂದ್ಬಿಡಿ. ಚಾಸಿ ನಂಬರ್ ಪಂಚ್ ಮಾಡಿರೋ ಜಾಗಾನೂ ನೋಡಿ, ತುಕ್ಕಲ್ಲಿ ಅಳಿಸಿದ್ರೆ ಟ್ರಾನ್ಸ್‌ಫರ್‌ಗೆ ಪೆನ್ಸಿಲ್ ಪ್ರಿಂಟ್ (ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದ ಅಚ್ಚು) ತೆಗೆಯೋಕೂ ಆಗಲ್ಲ.

ಇಂಜಿನ್ ಸೌಂಡ್ ಒಂದನ್ನೇ ನಂಬ್ಬೇಡಿ. ನೀವು ಬರೋ ತನಕ ಸ್ಟಾರ್ಟ್ ಮಾಡ್ಬೇಡಿ ಅಂತ ಹೇಳಿ, ಹೋದ ತಕ್ಷಣ ಬಾನೆಟ್ ಮುಟ್ಟಿ, ಬಿಸಿ ಇದ್ರೆ ಇನ್ನೊಂದಿನ ಹೋಗಿ. ಓಡ್ತಿರುವಾಗ ಆಯಿಲ್ ಹಾಕೋ ಮುಚ್ಚಳ ತೆಗೆದ್ರೆ ಹೊಗೆ ಬುಸುಬುಸು ಅಂತ ಬಂದ್ರೆ ಇಂಜಿನ್ ಒಳಗಿನ ಪಿಸ್ಟನ್ ರಿಂಗ್ ಸವೆದಿದೆ ಅಂತ. ಆಮೇಲೆ ಹೇಗಿದ್ರೂ ನಿಮ್ಮೂರಿಗೆ ಘಾಟಿ ಹತ್ಲೇಬೇಕಲ್ಲ, ಬಾಳೆಬರೆ ಘಾಟೀಲಿ ಒಂದಿಷ್ಟು ಲೋಡ್ ಹಾಕಿ ಹತ್ಸಿ, ಇಳಿಯುವಾಗ ಸೆಕೆಂಡ್ ಗೇರಲ್ಲಿ ಆಕ್ಸಿಲರೇಟರ್ ಬಿಟ್ಟು ನೋಡಿ, ಗೇರ್ ತಾನಾಗೇ ಹಾರಿ ನ್ಯೂಟ್ರಲ್‌ಗೆ ಬಂದ್ರೆ ಗೇರ್‌ಬಾಕ್ಸ್ ಖರ್ಚು ಕಾದಿದೆ.

ಸಾಲದ ವಿಷ್ಯ. ನಾನು ಹಿಂದೆ ಹೀಗೇ ಮಾತು ನಂಬಿ ಒಂದು ಗಾಡಿ ತಗೊಂಡು ಎನ್‌ಒಸಿಗೋಸ್ಕರ (ಸಾಲ ತೀರಿದೆ, ತಕರಾರಿಲ್ಲ ಅಂತ ಸಾಲ ಕೊಟ್ಟವರು ಕೊಡೋ ಪತ್ರ) 7 ತಿಂಗಳು ಅಲೆದಿದೀನಿ, ಆ ಸಂಕಟ ನಿಮಗೆ ಬೇಡ. ಸಾಲ ಕೊಟ್ಟವರ ಎನ್‌ಒಸಿ ಮತ್ತೆ ಆರ್‌ಸಿಯಿಂದ ಸಾಲದ ಎಂಟ್ರಿ ತೆಗೆಸೋಕೆ ಅವರ ಸಹಿ ಇರೋ ಫಾರ್ಮ್ 35 ಕಣ್ಣಾರೆ ನೋಡಿ, ಟ್ರಾನ್ಸ್‌ಫರ್‌ಗೆ ಫಾರ್ಮ್ 29, 30 ಬೇಕು. ಸರ್ಕಾರದ ಎಂಪರಿವಾಹನ್ ಆಪಲ್ಲಿ ಗಾಡಿ ನಂಬರ್ ಹಾಕಿ ಎಫ್‌ಸಿ (ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಸರ್ಟಿಫಿಕೇಟ್), ಇನ್ಶೂರೆನ್ಸ್ ನೋಡ್ಕೊಳ್ಳಿ, 8 ವರ್ಷ ದಾಟಿದ ಗೂಡ್ಸ್ ಗಾಡಿಗೆ ವರ್ಷವರ್ಷ ಎಫ್‌ಸಿ ಮಾಡಿಸ್ಬೇಕು, ಆ ಖರ್ಚೂ ಲೆಕ್ಕಕ್ಕೆ ಹಿಡೀರಿ. ಗಾಡಿ ಕೈಗೆ ಬಂದ 14 ದಿನದೊಳಗೆ ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡೋಕೆ ಅರ್ಜಿ ಕೊಡಿ.

ಬ್ಯಾಡ್ಜ್ ಬಗ್ಗೆ ತಲೆ ಕೆಡಿಸ್ಕೋಬೇಡಿ. 7500 ಕೆಜಿ ಒಳಗಿನ ಗೂಡ್ಸ್ ಗಾಡಿಗೆ ಎಲ್‌ಎಂವಿ (ಲಘು ವಾಹನ, ಅಂದ್ರೆ ನಿಮ್ಮ ಹತ್ರ ಇರೋ ಕಾರ್) ಲೈಸೆನ್ಸೇ ಸಾಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು, 2024ರ ನವೆಂಬರಲ್ಲಿ ಐವರು ಜಡ್ಜ್‌ಗಳ ಪೀಠ ಅದನ್ನೇ ಎತ್ತಿ ಹಿಡೀತು.

ಚಾಸಿ ಗಟ್ಟಿ ಇದ್ರೂ 4.20 ಒಪ್ಕೋಬೇಡಿ, ಟೈರ್, ಎಫ್‌ಸಿ ಖರ್ಚು ಕಳೆದು ಕೇಳಿ. ಕೊಡೋ ದುಡ್ಡಲ್ಲಿ ಒಂದು ಭಾಗ ಆರ್‌ಸಿ ನಿಮ್ಮ ಹೆಸರಿಗೆ ಬಂದ್ಮೇಲೆ ಅಂತ ಕರಾರಲ್ಲೇ ಬರೆಸಿ.